ಮಡಿಲಿಗೆ ಲಾಟ್ವಿಯಾದಲ್ಲಿ ಏನಂತಾರೆ?

ನನ್ನ ಸೊಂಟ ಎಲ್ಲಿದೆ ಎಂದು ಮೊನ್ನೆ ಒಬ್ಬ ದರ್ಜಿ ನನ್ನನ್ನೇ ಕೇಳಿದ.

ನೈರೋಬಿಯ ಪಾರ್ಕ್‌ಲ್ಯಾಂಡ್ಸಿನಲ್ಲಿ ನಮ್ಮ ಫ್ಲ್ಯಾಟಿನ ಗೇಟು ದಾಟಿದರೆ ಸಿಗುವ ದೇವಸ್ಥಾನದ ಕಾಂಪೌಂಡಿಗೆ ಒತ್ತಿಕೊಂಡಂತೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವ ಫುಂಡಿ ಅವನು. ಕೈಕೆಲಸ ಬಲ್ಲವರೆಲ್ಲ ಇಲ್ಲಿ ಫುಂಡಿಗಳೇ, ನಲ್ಲಿ ರಿಪೇರಿಯವನೂ ಫುಂಡಿ, ದರ್ಜಿಯೂ ಫುಂಡಿ. ಶಾಲೆಗೆ ಹಾಕಿಕೊಂಡು ಹೋಗಲು ಒಂದು ಸ್ಕರ್ಟು ಹೊಲಿಸೋಣ ಎಂದು ಹೋಗಿದ್ದೆ. ಅವನು ಟೇಪನ್ನು ನನ್ನ ಸುತ್ತ ಹಾಕಿ ಸ್ವಲ್ಪ ಮೇಲೆ ಸರಿಸಿದ, ಕೆಳಗೆ ಇಳಿಸಿದ, ಮತ್ತೆ ಮೇಲೆ ತಂದ. ಕೊನೆಗೆ ಬಹಳ ಮರ್ಯಾದೆಯಿಂದ, "ಮಮಾ, ಕಿಯುನೊ ಇಕೊ ವಾಪಿ?" ಅಂದ. ಸೊಂಟ ಎಲ್ಲಮ್ಮಾ ಎಂದು ಅರ್ಥ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ, ಪಾಪ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ. ನಾನು ಅಂದಾಜಿನ ಮೇಲೆ ಒಂದು ಜಾಗ ತೋರಿಸಿದೆ. "ಸವಾ, ಸವಾ," ಸರಿ ಸರಿ, ಎನ್ನುತ್ತ ಅಲ್ಲಿಗೇ ಟೇಪು ಬಿಗಿದ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ನಾನು ಜೀವಶಾಸ್ತ್ರ ಕಲಿಸುವವಳು, ನೋಡಿ. ದಿನಾ ಬೆಳಿಗ್ಗೆ ಕಾರು ಓಡಿಸಿಕೊಂಡು ಊರಂಚಿನ ಕರೆನ್‌ವರೆಗೆ ಹೋಗಿ, ಅಲ್ಲಿನ ಮರಗಳ ನೆರಳಿನ ಶಾಲೆಯೊಂದರಲ್ಲಿ ಅಬ್ಡಾಮಿನ್, ಪೆಲ್ವಿಸ್, ಡಯಾಫ್ರಮ್ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕುವವಳು. ನಾನು ಬರೆಯುವ ಚಿತ್ರದಲ್ಲಿ ಎಲ್ಲವೂ ತಂತಮ್ಮ ಜಾಗದಲ್ಲಿ ಇರುತ್ತವೆ. ಕನ್ನಡಿಯಲ್ಲಿ ಹಾಗೇನೂ ಇರಲಿಲ್ಲ. ಭುಜ ಇಳಿದ ಮೇಲೆ ಮೊಣಕಾಲು ಬರುವವರೆಗೆ ಗಡಿಕಲ್ಲೇ ಇಲ್ಲದ ಒಂದೇ ಸೀಮೆ.

"ಅಮ್ಮಾ, ವಾಟ್ ಆರ್ ಯು ಡೂಯಿಂಗ್?" ಅಂದಳು ಬಾಗಿಲಲ್ಲಿ ನಿಂತ ಮಗಳು ಅದಿತಿ.

"ಸೊಂಟ ಹುಡುಕ್ತಿದೀನಿ ಕಣೇ."

"ಗುಡ್ ಲಕ್," ಎಂದು ಹೋದಳು. ನೈರೋಬಿಯಲ್ಲಿ ಬೆಳೆದ ನಮ್ಮ ಮಕ್ಕಳು ಹೀಗೇ. ಕನ್ನಡದಲ್ಲಿ ಬೈದರೂ ಇಂಗ್ಲಿಷಿನಲ್ಲೇ ತಿರುಗಿ ಬೀಳುತ್ತಾರೆ.

ಹೊಟ್ಟೆ ಸೊಂಟಗಳ ಮಾತು ಬಂದಾಗಲೆಲ್ಲ ನನಗೆ ಇಲ್ಜೆ ನೆನಪಾಗುತ್ತಾಳೆ. ಕೆಲವು ವರ್ಷ ನಮ್ಮ ಮೇಲಿನ ಮಹಡಿಯಲ್ಲಿ ಇದ್ದವಳು. ಲಾಟ್ವಿಯಾದವಳು. ಆ ದೇಶ ಎಲ್ಲಿದೆ ಎಂದು ನಿಮಗೆ ಥಟ್ಟನೆ ಹೊಳೆಯದಿದ್ದರೆ ಸಂಕೋಚ ಬೇಡ, ನಾನೂ ಅಟ್ಲಾಸು ತೆಗೆದು ನೋಡಿದವಳೇ. ಯುರೋಪಿನ ಉತ್ತರಕ್ಕೆ, ಚಳಿಯ ಸಮುದ್ರವೊಂದರ ದಡದಲ್ಲಿ, ನನ್ನ ಒಂದು ಬೆರಳ ತುದಿಗೆ ಪೂರ್ತಿ ಮುಚ್ಚಿಹೋಗುವಷ್ಟು ಇತ್ತು. ಐವತ್ತು ದಾಟಿದ, ಮದುವೆಯ ಗೋಜಿಗೆ ಹೋಗದ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ ಹೆಂಗಸು. ಯಾವುದೋ ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ ಇನ್ನೊಬ್ಬರು ಬರೆದ ವರದಿಗಳ ಇಂಗ್ಲಿಷ್ ತಿದ್ದುವುದು ಅವಳ ಕೆಲಸ.

ನಮ್ಮ ಪರಿಚಯವಾದದ್ದೂ ಸೊಂಟದಿಂದಲೇ. ಒಂದು ದಿನ ಮೆಟ್ಟಿಲ ಮೇಲೆ ಪಕ್ಕೆ ಹಿಡಿದುಕೊಂಡು ನಿಂತಿದ್ದಳು. ಬಟ್ಟೆ ತಗುಲಿದರೂ ಉರಿ ಎಂದು ಶರಟಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ನೋಡಿದೆ. ಬೆನ್ನಿನಿಂದ ಹೊರಟು ಸೊಂಟ ಬಳಸಿಕೊಂಡು ಹೊಕ್ಕುಳ ಕಡೆಗೆ ಕೆಂಪು ಗುಳ್ಳೆಗಳ ಸಾಲು. "ಅಯ್ಯೋ, ಸರ್ಪಸುತ್ತು!" ಅಂದುಬಿಟ್ಟೆ. ಹಾಗೆಂದರೇನು ಎಂದಳು. ಹಾವು ಸುತ್ತಿಕೊಳ್ಳುವುದು ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಮೊದಲೇ ಬಿಳಿ ಮುಖ, ಇನ್ನಷ್ಟು ಬಿಳಿಚಿಕೊಂಡಿತು.

ನಾನು ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ವಠಾರದಲ್ಲಿ ಕೊನೆಮನೆಯ ಗುಂಡಾಜಮ್ಮನಿಗೆ ಹೀಗೆಯೇ ಆಗಿತ್ತು. ಹಾವಿನ ತಲೆಯೂ ಬಾಲವೂ ಕೂಡಿಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅವು ಕೂಡದಂತೆ ನಡುವೆ ಕೆಮ್ಮಣ್ಣು ಹಚ್ಚಿದ್ದರು. ನಾವು ಮಕ್ಕಳು ದಿನಾ ಬೆಳಿಗ್ಗೆ ಹೋಗಿ, "ಅಜ್ಜೀ, ಕೂಡ್ತಾ?" ಎಂದು ವಿಚಾರಿಸಿಕೊಂಡು ಬರುತ್ತಿದ್ದೆವು. ಆ ಮುದುಕಿ ನಮ್ಮನ್ನು ಪೊರಕೆ ತೆಗೆದುಕೊಂಡು ಅಟ್ಟುವಷ್ಟು ಗಟ್ಟಿಯಾದ ದಿನ ನಮಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟೆಲ್ಲ ಓದಿ, ಮಕ್ಕಳಿಗೆ ವೈರಸ್ಸು ಅಂದರೇನು ಎಂದು ಪಾಠ ಮಾಡುವ ನಾನು, ಇಲ್ಜೆಯ ಪಕ್ಕೆ ನೋಡುತ್ತ ಒಂದು ಕ್ಷಣ ಕೆಳಗಿನ ಹೂವಿನ ಪಾತಿಯ ಕೆಂಪು ಮಣ್ಣಿನ ಕಡೆ ಕಣ್ಣು ಹಾಯಿಸಿದೆ. ಆಮೇಲೆ ಬುದ್ಧಿ ಬಂದು ಕಾರು ತೆಗೆದು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ದಾರಿಯಲ್ಲಿ ಅವಳು ಹೇಳಿದಳು, "ನಮ್ಮಲ್ಲಿ ಇದಕ್ಕೆ ಸೊಂಟಪಟ್ಟಿಯ ಗುಲಾಬಿ ಅಂತಾರೆ."

ಒಂದೇ ಕಾಯಿಲೆ, ನಮ್ಮಲ್ಲಿ ಹಾವು, ಅವರಲ್ಲಿ ಗುಲಾಬಿ. ಮಟಾಟು ವ್ಯಾನುಗಳ ಹಾರನ್ನಿನ ಮಧ್ಯೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಉರಿಯುವ ಪಕ್ಕೆ ಹಿಡಿದುಕೊಂಡು ಅವಳು ನಕ್ಕಳು. ನನಗೆ ಅವಳು ಇಷ್ಟವಾಗಿಬಿಟ್ಟಳು.

ಅವಳಿಗೆ ವಾಸಿಯಾಗುವವರೆಗೆ ಸಂಜೆ ಹೊತ್ತು ತಿಳಿಸಾರು ಅನ್ನ ತೆಗೆದುಕೊಂಡು ಮೇಲೆ ಹೋಗುತ್ತಿದ್ದೆ. ವಾಸಿಯಾದ ಮೇಲೂ ಅಭ್ಯಾಸ ಬಿಡಲಿಲ್ಲ. ಭಾನುವಾರ ಮಧ್ಯಾಹ್ನಗಳು ಅವಳ ಬಾಲ್ಕನಿಯಲ್ಲಿ ಕಳೆಯತೊಡಗಿದವು. ಇಡೀ ವಾರ ಕೆಪ್ಯಾಸಿಟಿ ಬಿಲ್ಡಿಂಗ್, ಸ್ಟೇಕ್‌ಹೋಲ್ಡರ್ ಎಂಬಂಥ ಪದಗಳನ್ನು ತಿದ್ದಿ ತಿದ್ದಿ ಅವಳ ನಾಲಿಗೆ ಜಡ್ಡುಗಟ್ಟಿರುತ್ತಿತ್ತಂತೆ. "ಮೈಗೆ ತಾಗೋ ಅಂಥ ಒಂದು ಮಾತು ಕೊಡು" ಅನ್ನುತ್ತಿದ್ದಳು. ನಾನೊಂದು ಕನ್ನಡದ ಪದ ಕೊಡುವುದು, ಅವಳೊಂದು ಲಾಟ್ವಿಯನ್ ಪದ ಕೊಡುವುದು. ಕೈ ಕಾಲು ಮೂಗುಗಳನ್ನು ಬೇಗ ಮುಗಿಸಿದೆವು. ಅವು ಎಲ್ಲ ಭಾಷೆಯಲ್ಲೂ ಸ್ಪಷ್ಟವಾಗಿರುತ್ತವೆ. ನಡುಭಾಗಕ್ಕೆ ಬಂದು ಅಲ್ಲೇ ಕೂತುಬಿಟ್ಟೆವು.

ಇಂಗ್ಲಿಷಿನವರದ್ದು ಬಹಳ ಅಚ್ಚುಕಟ್ಟು. ಮಗುವಿಗಿದ್ದರೆ ಟಮ್ಮಿ, ಬಿಯರು ಕುಡಿದು ಬೆಳೆಸಿದರೆ ಬೆಲ್ಲಿ, ನೋವು ಬಂದರೆ ಸ್ಟಮಕ್, ಆಸ್ಪತ್ರೆಗೆ ಹೋದರೆ ಅಬ್ಡಾಮಿನ್. ನಮಗೆ ಎಲ್ಲಕ್ಕೂ ಒಂದೇ ಹೊಟ್ಟೆ, ಪಾಪ. ಹಸಿವೂ ಅಲ್ಲೇ, ಉರಿಯೂ ಅಲ್ಲೇ, ಕಿಚ್ಚೂ ಅಲ್ಲೇ, ಮಕ್ಕಳು ಹುಟ್ಟುವುದೂ ಅಲ್ಲೇ, ಹೊಟ್ಟೆಪಾಡಿಗೆ ಊರು ಬಿಟ್ಟು ಬರುವುದೂ ಅದರ ದೆಸೆಯಿಂದಲೇ. ಯಾರಾದರೂ ತಪ್ಪು ಮಾಡಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತೇವೆ ಎಂದು ಇಲ್ಜೆಗೆ ಹೇಳಿದೆ.

"ಅಜೀರ್ಣ ಆಗೋದಿಲ್ವಾ?" ಎಂದಳು.

"ಆಗತ್ತೆ," ಎಂದೆ.

ಲಾಟ್ವಿಯನ್ ಭಾಷೆಯಲ್ಲಿ ಹೊಟ್ಟೆಗೆ ವೇದರ್ಸ್. ಸೊಂಟಕ್ಕೆ ವಿದುಕ್ಲಿಸ್. ವಿದುಸ್ ಅಂದರೆ ಮಧ್ಯ, ಅದರಿಂದ ಬಂದದ್ದಂತೆ. ನಾವೂ ಹಾಗೇ ನಡು ಅನ್ನುತ್ತೇವಲ್ಲ ಎಂದಾಗ ಅವಳು ಟೀ ಲೋಟ ಕೆಳಗಿಟ್ಟು, "ನಿಜವಾಗ್ಲೂ?" ಎಂದು ಕಣ್ಣರಳಿಸಿದಳು. ಆದರೆ ನನ್ನನ್ನು ಅಲ್ಲಾಡಿಸಿದ ಪದ ಇನ್ನೊಂದು. ತನ್ನ ಹೊಕ್ಕುಳ ಮೇಲೆ ಬೆರಳಿಟ್ಟು ಅವಳು, "ನಬ" ಎಂದಳು. ನನಗೆ ಮೈ ಜುಮ್ಮೆಂದಿತು. ನಬ, ನಾಭಿ. ಎಲ್ಲಿಯ ಹಿಮದ ಊರು, ಎಲ್ಲಿಯ ಮೈಸೂರು! ಯಾವ ಕಾಲದಲ್ಲಿ ಯಾವ ಬೆಂಕಿಯ ಸುತ್ತ ಕೂತು ಯಾವ ತಾಯಿ ತನ್ನ ಕೂಸಿನ ಹೊಟ್ಟೆ ಮುಟ್ಟಿ ಆ ಮಾತು ಹೇಳಿದ್ದಳೋ, ಅದು ಒಂದು ಕಡೆ ಇವಳ ಹಳ್ಳಿಗೆ ಹೋಗಿ, ಇನ್ನೊಂದು ಕಡೆ ನಮ್ಮ ತಾತನ ಮಂತ್ರದ ಬಾಯಿಗೆ ಬಂದು, ಈಗ ನೈರೋಬಿಯ ಒಂದು ಬಾಲ್ಕನಿಯಲ್ಲಿ ಎರಡೂ ಎದುರುಬದುರು ಕೂತು ಟೀ ಕುಡಿಯುತ್ತಿವೆ. ಆ ಮಧ್ಯಾಹ್ನ ಜಕರಂದಾ ಮರ ತನ್ನಷ್ಟಕ್ಕೆ ತಾನು ನೇರಳೆ ಹೂ ಉದುರಿಸುತ್ತಿತ್ತು.

ಇಲ್ಜೆ ಸೊಂಟಪಟ್ಟಿ ನೇಯುತ್ತಿದ್ದಳು. ಅದಕ್ಕೆ ಅವರಲ್ಲಿ ಯುವೊಸ್ತ ಅನ್ನುತ್ತಾರೆ. ಬಿಳಿ ದಾರದ ಮೇಲೆ ಕೆಂಪು ಚಿತ್ತಾರ, ಅಂಗೈಯಗಲ, ಉದ್ದವೋ ಉದ್ದ. ಹಬ್ಬಹರಿದಿನಕ್ಕೆ ಉಡುಪಿನ ಮೇಲೆ ಸುತ್ತು ಸುತ್ತಾಗಿ ಕಟ್ಟಿಕೊಳ್ಳುತ್ತಾರಂತೆ. ಅದನ್ನು ನೇಯಲು ಮಗ್ಗ ಬೇಕಿಲ್ಲ. ದಾರಗಳ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟುವುದು, ಇನ್ನೊಂದನ್ನು ತನ್ನ ಸೊಂಟಕ್ಕೇ ಕಟ್ಟಿಕೊಳ್ಳುವುದು. ಹಿಂದಕ್ಕೆ ವಾಲಿದರೆ ದಾರ ಬಿಗಿ, ಮುಂದಕ್ಕೆ ಬಂದರೆ ಸಡಿಲ. ಅವಳು ಹಾಗೆ ಹಿಂದೆ ಮುಂದೆ ತೂಗುವುದನ್ನು ನೋಡುತ್ತ ನಾನು ಬೆತ್ತದ ಕುರ್ಚಿಯಲ್ಲಿ ಅರೆನಿದ್ದೆಗೆ ಜಾರುತ್ತಿದ್ದೆ.

ಆ ಅರೆನಿದ್ದೆಯಲ್ಲಿ ಅಮ್ಮನ ಸೊಂಟ ಬರುತ್ತಿತ್ತು. ನಗಬೇಡಿ. ನೀವೂ ಸೀರೆಯುಟ್ಟ ಅಮ್ಮನ ಪಕ್ಕದಲ್ಲಿ ಮಲಗಿ ಬೆಳೆದವರಾದರೆ ನಿಮಗೂ ಅದು ಗೊತ್ತು. ರವಿಕೆ ಮುಗಿದು ನೆರಿಗೆ ಶುರುವಾಗುವುದರ ನಡುವಿನ ಆ ನಾಲ್ಕು ಬೆರಳ ಜಾಗ. ಎಂಥ ಬೇಸಗೆಯಲ್ಲೂ ತಣ್ಣಗಿರುತ್ತಿತ್ತು. ಅಲ್ಲಿ ಕೈ ಇಟ್ಟುಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಶ್ರೀಗಂಧದ ಸೋಪು, ಒಗ್ಗರಣೆಯ ಇಂಗು, ಬೆವರು, ಎಲ್ಲ ಸೇರಿದ ಒಂದು ವಾಸನೆ. ಕೆಳಗೆ ಬೆರಳಾಡಿಸಿದರೆ ಲಂಗದ ಲಾಡಿ ಒತ್ತಿ ಒತ್ತಿ ಮೂಡಿದ ಗೆರೆ ಸಿಗುತ್ತಿತ್ತು. "ಕೈ ತೆಗಿಯೇ, ಕಚಗುಳಿ ಆಗತ್ತೆ" ಎನ್ನುತ್ತಿದ್ದಳೇ ಹೊರತು ಅಮ್ಮ ತಾನಾಗಿ ಕೈ ತೆಗೆದದ್ದು ನೆನಪಿಲ್ಲ. ಆ ಲಾಡಿಯ ಗೆರೆಗೆ ಏನೆನ್ನುತ್ತಾರೆ ಎಂದು ಒಮ್ಮೆ ಇಲ್ಜೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ನನ್ನ ಸೊಂಟದ ಮೇಲೂ ಇದೆ, ನನ್ನ ಅಜ್ಜಿಗೂ ಇತ್ತು. ಹೆಸರು ಮಾತ್ರ ಯಾರೂ ಇಟ್ಟಿಲ್ಲ.

ಹೀಗಿರುವಾಗ ಒಂದು ಭಾನುವಾರ ಲ್ಯಾಪ್ ಎಂಬ ಪದಕ್ಕೆ ಬಂದೆವು. ಇಂಗ್ಲಿಷಿನವರ ಲ್ಯಾಪು ವಿಚಿತ್ರ. ಕೂತರೆ ಇರುತ್ತದೆ, ಎದ್ದರೆ ಮಾಯ. ಲಾಟ್ವಿಯನ್ನಿನಲ್ಲಿ ಕ್ಲೇಪಿಸ್. ಮಗು ಕೂರುವ ತೊಡೆಯೂ ಕ್ಲೇಪಿಸ್ಸೇ, ಎರಡು ತೋಳು ತುಂಬ ತಬ್ಬಿ ತರುವ ಹುಲ್ಲಿನ ಹೊರೆಯೂ ಕ್ಲೇಪಿಸ್ಸೇ. "ನಮ್ಮಜ್ಜಿ ಹಸುವಿಗೆ ಹುಲ್ಲು ತರೋದು ಕಣ್ಣಿಗೆ ಕಟ್ಟತ್ತೆ," ಎಂದಳು ಇಲ್ಜೆ. "ನಿಮ್ಮಲ್ಲಿ?"

"ಮಡಿಲು," ಎಂದೆ. ಅದು ಎದ್ದು ನಿಂತರೂ ಹೋಗುವುದಿಲ್ಲ ಎಂದು ಹೆಮ್ಮೆಯಿಂದ ವಿವರಿಸಿದೆ. ಸೆರಗನ್ನು ಮುಂದೆ ಹಿಡಿದರೆ ಆಯಿತು, ಅದೇ ಮಡಿಲು. ತವರಿನಿಂದ ಹೊರಡುವ ಹೆಣ್ಣುಮಗಳನ್ನು ಬರಿ ಮಡಿಲಲ್ಲಿ ಕಳಿಸುವುದಿಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಎಲ್ಲವನ್ನೂ ಸೆರಗಿಗೆ ಸುರಿದು ಕಳಿಸುತ್ತಾರೆ. ಮಡಿಲು ತುಂಬುವುದು ಎಂದರೆ ಅದು.

"ಎಲ್ಲ ಹೆಂಗಸರಿಗೂ?" ಎಂದು ಕೇಳಿದಳು.

"ಹೂಂ," ಎಂದೆ.

ಅದು ನಿಜವಲ್ಲ ಎಂದು ನಿಮಗೆ ಗೊತ್ತು.

ನನ್ನ ಗಂಡ ಶ್ರೀಧರ ಬ್ಯಾಂಕಿನ ಕೆಲಸದ ಮೇಲೆ ನಮ್ಮನ್ನು ಈ ಊರಿಗೆ ಕರೆದುಕೊಂಡು ಬಂದವನು. ಒಂದು ಬೆಳಿಗ್ಗೆ ಎದೆನೋವು ಎಂದು ಕೂತವನು ಮತ್ತೆ ಏಳಲಿಲ್ಲ. ಅದಿತಿ ಆಗಿನ್ನೂ ಚಿಕ್ಕವಳು. ನನಗೆ ಶಾಲೆಯ ಕೆಲಸ ಇತ್ತು, ಅವಳಿಗೆ ಸ್ನೇಹಿತರಿದ್ದರು. ಇಲ್ಲೇ ಉಳಿದೆವು. ಮರುವರ್ಷ ರಜೆಗೆ ಮೈಸೂರಿಗೆ ಹೋದೆ. ಅಣ್ಣನ ಮನೆ. ಹೊರಡುವ ದಿನ ಅತ್ತಿಗೆ ಎಂದಿನಂತೆ ತಟ್ಟೆಯಲ್ಲಿ ಎಲ್ಲ ಜೋಡಿಸಿಕೊಂಡು ಹಾಲಿಗೆ ಬಂದಳು. ನನ್ನ ತಂಗಿಯೂ ಅವತ್ತೇ ಹೊರಟಿದ್ದಳು. ಅವಳು ಸೆರಗು ಹಿಡಿದು ನಿಂತಳು. ನಾನೂ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದೆ ಬಂದಿದ್ದೆ. ಅತ್ತಿಗೆಯ ಕೈ ಅರ್ಧದಲ್ಲೇ ನಿಂತಿತು. ಅವಳು ಕೆಟ್ಟವಳಲ್ಲ, ನನ್ನನ್ನು ಕಂಡರೆ ಜೀವ. ಅವಳ ಮುಖ ನೋಡಲಾರದೆ ನಾನೇ ಬಗ್ಗಿ ಸೂಟ್‌ಕೇಸಿನ ಜಿಪ್ಪು ಸರಿಮಾಡತೊಡಗಿದೆ. ಸರಿಯಾಗೇ ಇದ್ದ ಜಿಪ್ಪು. ತಂಗಿಯ ಸೆರಗಿಗೆ ಅಕ್ಕಿ ಬೀಳುವ ಸದ್ದು ಕೇಳಿಸಿತು. ಆಮೇಲೆ ಅತ್ತಿಗೆ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟು, "ಮೈಸೂರುಪಾಕು ಕಣೇ, ಅದಿತಿಗೆ" ಎಂದಳು. ವಿಮಾನದಲ್ಲಿ ಆ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಶ್ರೀಧರ ಹೋದ ದುಃಖ ಬೇರೆ, ಇದು ಬೇರೆ. ನಾನು ಇನ್ನು ಯಾರ ಮನೆಯ ಮಗಳೂ ಅಲ್ಲವೇನೋ ಅನ್ನಿಸಿತು.

ಓದಿದವಳು, ಇದನ್ನೆಲ್ಲ ಯಾಕೆ ಹಚ್ಚಿಕೊಳ್ಳುತ್ತೀಯ ಎಂದು ನೀವು ಕೇಳಬಹುದು. ನನ್ನನ್ನು ನಾನೂ ಕೇಳಿಕೊಂಡಿದ್ದೇನೆ. ಒಂದು ಪಾವು ಅಕ್ಕಿಗೆ ನೈರೋಬಿಯಲ್ಲಿ ಬರಗಾಲವೇ? ಆದರೆ ಬೇಕಾಗಿತ್ತು ನನಗೆ. ಬೇಕು ಎಂದು ಬಾಯಿಬಿಟ್ಟು ಕೇಳುವಂಥದ್ದಲ್ಲವಲ್ಲ ಅದು.

ಇಲ್ಜೆಗೆ ಮಡಿಲಿನ ಮಾತು ಹೇಳಿದ ವರ್ಷವೇ ನವರಾತ್ರಿಗೆ ಸೌತ್ ಸಿ ಬಡಾವಣೆಯ ಶೈಲಕ್ಕ ಬೊಂಬೆ ಕೂರಿಸಿದ್ದರು. ಇಲ್ಲಿನ ಕನ್ನಡದ ಹೆಂಗಸರಿಗೆಲ್ಲ ಅವರು ಅಕ್ಕ. ಇಲ್ಜೆ ತಾನೂ ಬರುತ್ತೇನೆ, ಸೀರೆ ಉಟ್ಟೇ ಬರುತ್ತೇನೆ ಎಂದು ಹಟ ಹಿಡಿದಳು. ನನ್ನ ಲಂಗ ಅವಳಿಗೆ ಮೊಣಕಾಲ ಸ್ವಲ್ಪ ಕೆಳಗೆ ಬಂದು ನಿಂತಿತು. ಸೀರೆಯೂ ನೆಲ ಮುಟ್ಟಲಿಲ್ಲ. ಲಾಡಿ ಬಿಗಿದಾಗ ಉಸಿರು ಎಳೆದುಕೊಂಡು, "ಇಷ್ಟೇನಾ? ಇಡೀ ಬಟ್ಟೆ ಈ ಒಂದು ದಾರದ ಮೇಲೆ ನಿಂತಿದೆಯಾ?" ಎಂದು ಗಾಬರಿಯಾದಳು.

"ನಮ್ಮ ಅಮ್ಮ ಅಜ್ಜಿ ಎಲ್ಲ ಇದೇ ದಾರದ ಮೇಲೆ ಸಂಸಾರ ಮಾಡಿದಾರೆ. ಸುಮ್ನೆ ನಡಿ," ಎಂದೆ.

ಶೈಲಕ್ಕನ ಮನೆಯಲ್ಲಿ ಆರತಿಯಾದ ಮೇಲೆ ಸಾಲಾಗಿ ಎಲ್ಲರಿಗೂ ಮಡಿಲು ತುಂಬಿದರು. ಮದುವೆಯಾಗಿದೆಯೋ ಇಲ್ಲವೋ ಎಂದು ವಿಚಾರಿಸದೆ ಇಲ್ಜೆಗೂ ತುಂಬಿದರು. ಫಾರಿನ್ನಿನವರು, ಸೀರೆ ಉಟ್ಟು ಬಂದಿದ್ದಾರೆ, ಅದೇ ದೊಡ್ಡದು. ಅವಳು ದೊಡ್ಡ ಕೈಗಳಲ್ಲಿ ಸೆರಗು ಹಿಡಿದು ಉಸಿರು ಬಿಡದೆ ನಿಂತಿದ್ದಳು. ನನ್ನ ಸರದಿ ಬರುವ ಮೊದಲೇ ನಾನು ಅಡುಗೆಮನೆಗೆ ನಡೆದಿದ್ದೆ, ಲೋಟ ತೊಳೆಯುವ ನೆಪದಲ್ಲಿ.

ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದಳು, "ನಿನಗ್ಯಾಕೆ ಕೊಡಲಿಲ್ಲ?"

ವಿಡೋಗಳಿಗೆ ತುಂಬುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಮಡಿಲಿನ ಬಗ್ಗೆ ನಾನು ಬಾಲ್ಕನಿಯಲ್ಲಿ ಕೂತು ಕೊಚ್ಚಿಕೊಂಡ ಹೆಮ್ಮೆಯೆಲ್ಲ ಏನಾಗಬೇಕು? "ಅಕ್ಕಿ ಮುಗಿದುಹೋಯ್ತು," ಎಂದೆ.

ಇಲ್ಜೆ ಹುಬ್ಬು ಗಂಟಿಕ್ಕಿದಳು. "ಅಷ್ಟು ಜನರನ್ನ ಕರೆದವರು ಅಕ್ಕಿ ಲೆಕ್ಕ ಹಾಕಿ ತರಬಾರದಾ?" ಎಂದು ಶೈಲಕ್ಕನ ಮೇಲೆ ದಾರಿಯುದ್ದಕ್ಕೂ ಸಿಟ್ಟು ಮಾಡಿಕೊಂಡಳು. ಪಾಪ, ಶೈಲಕ್ಕ. ಮೂಟೆ ಅಕ್ಕಿ ಇಟ್ಟುಕೊಳ್ಳುವ ಮನೆ ಅವರದ್ದು.

ಮುಂದಿನ ಜನವರಿಯಲ್ಲಿ ಅಮ್ಮ ಬಂದಳು. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಬಂದ ದಿನವೇ ಅಮ್ಮನಿಗೂ ಇಲ್ಜೆಗೂ ಗೆಳೆತನ ಕುದುರಿಬಿಟ್ಟಿತು. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ ಎಂಬುದನ್ನು ಇಬ್ಬರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಮ್ಮ ಕನ್ನಡವನ್ನೇ ಸ್ವಲ್ಪ ಜೋರಾಗಿ ಹೇಳುತ್ತಿದ್ದಳು, ಅಷ್ಟೇ. ಒಂದು ಮಧ್ಯಾಹ್ನ ಮೇಲೆ ಹೋಗಿ ನೋಡಿದರೆ ಬಾಗಿಲ ಹಿಡಿಯಿಂದ ಹೊರಟ ದಾರಗಳ ಇನ್ನೊಂದು ತುದಿ ಅಮ್ಮನ ಸೊಂಟದಲ್ಲಿದೆ. ಅಮ್ಮ ಹಿಂದಕ್ಕೆ ವಾಲಿಕೊಂಡು, ನಾಲಿಗೆ ಕಚ್ಚಿಕೊಂಡು, ಕೆಂಪು ದಾರ ಹಾಯಿಸುತ್ತಿದ್ದಾಳೆ. "ನೋಡೇ, ನಿನ್ನ ಫ್ರೆಂಡು ನನ್ನ ಕಟ್ಟಿಹಾಕ್ಬಿಟ್ಟಿದಾಳೆ," ಎಂದಳು. ಆ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಅಮ್ಮನ ಪಕ್ಕದಲ್ಲೇ ಮಲಗುತ್ತಿದ್ದೆ. ಸೊಂಟದ ಮೇಲೆ ಕೈ ಹಾಕಬೇಕು ಅನ್ನಿಸುತ್ತಿತ್ತು. ತಲೆಯಲ್ಲಿ ನರೆ ಕೂದಲು ಇಟ್ಟುಕೊಂಡು ಅದೆಂಥ ಆಟ ಎಂದು ಸುಮ್ಮನಿರುತ್ತಿದ್ದೆ. ಒಂದು ಬೆಳಗಿನ ಜಾವ ಅಮ್ಮನೇ ನನ್ನ ಕೈ ಎಳೆದು ಅಲ್ಲಿಟ್ಟುಕೊಂಡಳು. ಚರ್ಮ ಸಡಿಲವಾಗಿತ್ತು, ಆದರೆ ತಣ್ಣಗೇ ಇತ್ತು. ಲಾಡಿಯ ಗೆರೆ ಇನ್ನೂ ಇತ್ತು.

ಅಮ್ಮ ಹೊರಡುವ ದಿನ ಬಂತು. ಬೆಂಗಳೂರಿಗೆ ಹೋಗುತ್ತಿದ್ದ ಪರಿಚಯದ ಸಂಸಾರವೊಂದರ ಜೊತೆ ಕಳಿಸುವುದೆಂದು ಗೊತ್ತಾಗಿತ್ತು. ಟ್ಯಾಕ್ಸಿ ಕೆಳಗೆ ಬಂದು ನಿಂತಿತ್ತು. ಅದಿತಿ ಪೆಟ್ಟಿಗೆ ಇಳಿಸಲು ಹೋಗಿದ್ದಳು. ನಾನು ಜೀನ್ಸಿನ ಮೇಲೆ ಒಂದು ಹಳೆಯ ಕುರ್ತಾ ಹಾಕಿಕೊಂಡು, ಪಾಸ್‌ಪೋರ್ಟು ಇದೆಯಾ, ಮಾತ್ರೆ ಇದೆಯಾ ಎಂದು ಅಮ್ಮನ ತಲೆ ತಿನ್ನುತ್ತಿದ್ದೆ. ಆಗ ಬಾಗಿಲು ತಟ್ಟಿದ ಸದ್ದಾಯಿತು.

ಇಲ್ಜೆ. ನಮ್ಮ ನವರಾತ್ರಿಯ ಸೀರೆಯನ್ನೇ ಹೇಗೋ ಒಬ್ಬಳೇ ಸುತ್ತಿಕೊಂಡು ಬಂದಿದ್ದಾಳೆ. ನೆರಿಗೆ ಹಿಂದಕ್ಕೋ ಪಕ್ಕಕ್ಕೋ ಎಲ್ಲೋ ಹೋಗಿತ್ತು. ಎರಡು ಕೈಯಲ್ಲಿ ದೊಡ್ಡ ಟ್ರೇ. ಇಲ್ಲಿನ ಘಮಘಮಿಸುವ ಪಿಶೋರಿ ಅಕ್ಕಿಯನ್ನು ಗುಡ್ಡೆ ಮಾಡಿ ಸುರಿದುಕೊಂಡು ಬಂದಿದ್ದಾಳೆ. ಅದರ ಮೇಲೆ ಎರಡು ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲದ ಉಂಡೆ, ಮಡಿಸಿದ, ಇಲ್ಲಿನವರ ಬಣ್ಣಬಣ್ಣದ ಕಿಟೆಂಗೆ ಬಟ್ಟೆ.

"ಅಮ್ಮ ಮನೆಯಿಂದ ಹೊರಡ್ತಿದಾರಲ್ಲ," ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ಗರ್ವದಿಂದ ಹೇಳಿದಳು, "ಈ ಸಲ ಅಕ್ಕಿ ಮುಗಿಯೋದಿಲ್ಲ. ಜಾಸ್ತಿನೇ ತಂದಿದೀನಿ. ನಿನಗೂ ಸೇರಿಸಿ."

ಅಮ್ಮ ಎಲ್ಲಿ ನೊಂದುಕೊಳ್ಳುತ್ತಾಳೋ, ಇಷ್ಟು ವರ್ಷ ಯಾರೂ ಮುಟ್ಟದ ಗಾಯವನ್ನು ಹೊರಡುವ ಹೊತ್ತಿನಲ್ಲಿ ಮುಟ್ಟಿದ ಹಾಗಾಯಿತಲ್ಲ ಎಂದು ಮುಂದೆ ಬಂದು ಟ್ರೇಗೆ ಕೈ ಹಾಕಿದೆ. "ಇಲ್ಜೆ, ಬೇಡ, ಒಂದ್ನಿಮಿಷ..."

ಅಮ್ಮ ಟ್ರೇ ನೋಡುತ್ತಿದ್ದಳು. ನೋಡುತ್ತಲೇ ನನ್ನನ್ನು ಕೇಳಿದಳು, "ಇವಳಿಗೆ ಗೊತ್ತಿಲ್ವೇನೇ?"

"ಇಲ್ಲಮ್ಮ. ನಾನು ಹೇಳಿಲ್ಲ."

ಕೆಳಗೆ ಟ್ಯಾಕ್ಸಿಯವನು ಒಂದು ಸಲ ಹಾರನ್ ಮಾಡಿದ.

"ಹೇಳ್ಬೇಡ," ಎಂದಳು ಅಮ್ಮ.

ಸೆರಗನ್ನು ಮುಂದಕ್ಕೆ ತಂದು ಎರಡು ಕೈಯಲ್ಲಿ ಅಗಲಿಸಿ ಹಿಡಿದಳು. ಹೇಗೆ ಹಿಡಿಯಬೇಕೆಂದು ಆ ಕೈಗಳಿಗೆ ಮರೆತೇ ಇರಲಿಲ್ಲ. ಇಲ್ಜೆ ಟ್ರೇಯನ್ನು ಮೇಜಿನ ಮೇಲಿಟ್ಟು ಬೊಗಸೆ ಬೊಗಸೆಯಾಗಿ ತುಂಬಿದಳು. ಶೈಲಕ್ಕ ಮಾಡಿದ್ದನ್ನು ಚೆನ್ನಾಗಿ ನೋಡಿಕೊಂಡಿದ್ದಳು, ಮೊದಲು ಅಕ್ಕಿ, ಆಮೇಲೆ ಕಾಯಿ, ಆಮೇಲೆ ಬೆಲ್ಲ. ಅಮ್ಮನ ಸೆರಗು ಭಾರಕ್ಕೆ ಜಗ್ಗಿತು. ಅಮ್ಮ ತುಟಿ ಬಿಗಿಹಿಡಿದು ಅದನ್ನೇ ನೋಡುತ್ತಿದ್ದಳು. ಎಷ್ಟು ವರ್ಷದ ಮೇಲೆ ಎಂದು ನನಗೆ ಆಗ ಹೊಳೆಯಿತು. ಅಣ್ಣನ ಮನೆಯ ಹಾಲಿನಲ್ಲಿ ನಾನು ಜಿಪ್ಪು ಸರಿಮಾಡುತ್ತ ಬಗ್ಗಿದ್ದಾಗ ಅಮ್ಮ ಎಲ್ಲಿ ನಿಂತಿದ್ದಳು? ಬಾಗಿಲ ಹಿಂದೆ. ಅವಳು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದಳು.

ಸೆರಗಿನ ತುದಿಯನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಮ್ಮ ಇಲ್ಜೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಆಮೇಲೆ ಟ್ರೇಯನ್ನು ತನ್ನ ಕಡೆ ಎಳೆದುಕೊಂಡಳು.

"ಬಾ ಇಲ್ಲಿ," ಎಂದಳು ನನಗೆ.

"ಅಮ್ಮಾ, ನಾನು..."

"ನೀನ್ಯಾರು ಅಂತ ನಂಗೊತ್ತಿಲ್ವಾ? ನನ್ನ ಮಗಳು ನೀನು. ಹಿಡಿ."

ಸೆರಗಿಲ್ಲ, ದುಪಟ್ಟಾ ಕೂಡ ಇಲ್ಲ. ಕುರ್ತಾದ ಅಂಚನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅಮ್ಮ ಬೊಗಸೆಯಲ್ಲಿ ಅಕ್ಕಿ ಎತ್ತಿ ಸುರಿದಳು. ತೆಳ್ಳನೆಯ ಬಟ್ಟೆಯ ಮೂಲಕ ಅದರ ಭಾರ ನನ್ನ ಹೊಟ್ಟೆಗೆ ತಾಗಿತು. ಇನ್ನೊಂದು ಬೊಗಸೆ. ಕಾಯಿ. ಬೆಲ್ಲ. ನನ್ನ ಕಣ್ಣಿನಿಂದ ನೀರು ಇಳಿಯತೊಡಗಿತು, ಮೂಗು ಸೋರತೊಡಗಿತು, ಒರೆಸಿಕೊಳ್ಳೋಣವೆಂದರೆ ಕೈ ಬಿಡುವ ಹಾಗಿಲ್ಲ. ಇಲ್ಜೆ ಗಾಬರಿಯಾಗಿ, ತಾನೇನಾದರೂ ತಪ್ಪು ಮಾಡಿದೆನೇ ಎಂದು ನಮ್ಮಿಬ್ಬರ ಮುಖ ನೋಡುತ್ತಿದ್ದಳು. ನನಗೆ ಬಿಕ್ಕಳಿಕೆಯೇ ಬಂದುಬಿಟ್ಟಿತು. ಕುರ್ತಾ ಅಲುಗಾಡಿ ನಾಲ್ಕು ಕಾಳು ನೆಲಕ್ಕೆ ಬಿದ್ದವು.

"ಅಳ್ಬೇಡ್ವೇ," ಎಂದಳು ಅಮ್ಮ, "ಅಕ್ಕಿ ಚೆಲ್ಲತ್ತೆ."